ಬಿಳಿ ವೈನಿನ ಬಗೆಗಳು ಮತ್ತು ನಮ್ಮ ಕಡೆಯ ಊಟ: ಯಾವುದಕ್ಕೆ ಯಾವುದು ಹೊಂದುತ್ತದೆ?

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ)

ನಮ್ಮದು ದ್ರಾಕ್ಷಿ ಬೆಳೆಯುವ ಮನೆತನ. ಬೆಂಗಳೂರು ಬ್ಲೂ, ದಿಲ್‌ಖುಷ್ ತಳಿಗಳ ಗುಣವನ್ನು ಬಲ್ಲೆನಾದರೂ ಬಿಳಿ ವೈನಿನ ಬಾಟಲಿಗಳ ಮೇಲೆ ಕಾಣುವ ಸೋವಿನ್ಯೋ ಬ್ಲಾಂ, ಶೆನಿನ್ ಬ್ಲಾಂ, ಶಾರ್ಡೊನೆ ಎಂಬ ಹೆಸರುಗಳಿಂದ ರುಚಿಯನ್ನು ಊಹಿಸಲಾಗುತ್ತಿಲ್ಲ. ಅಕ್ಕ, ಭಾವ ಊಟಕ್ಕೆ ಬರುವವರಿದ್ದಾರೆ. ಹುರಿದ ಕೆರೆಮೀನು, ಹಿದುಕಿದ ಅವರೆಬೇಳೆ ಸಾರು, ಮುದ್ದೆ, ನಾಟಿಕೋಳಿ ಸಾರು ಇರುತ್ತವೆ. ಯಾವ ವೈನ್ ತರುವುದು ಸೂಕ್ತವೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಕೋಲಾರದಿಂದ)

ಸರ್, ತಳಿಯ ಹೆಸರಿಗಿಂತ ಮೊದಲು ಹುಳಿ, ಸಿಹಿ, ಮದ್ಯಸಾರ, ಓಕ್ ಮರದ ಪೀಪಾಯಿಯ ಪ್ರಭಾವ ಇವುಗಳನ್ನು ಗಮನಿಸಿ. ಸೋವಿನ್ಯೋ ಬ್ಲಾಂನಲ್ಲಿ ಹುಳಿ ಚುರುಕಾಗಿದ್ದು, ಹಸಿ ಹುಲ್ಲು ಮತ್ತು ದೊಣ್ಣೆಮೆಣಸಿನಕಾಯಿಯ ವಾಸನೆ ಇರುತ್ತದೆ. ಈ ವಾಸನೆಗೆ ಪೈರಜಿನ್ ಎಂಬ ಸಂಯುಕ್ತಗಳು ಕಾರಣ. ಖಾರದಪುಡಿ ಹಚ್ಚಿ, ಕಾವಲಿಯ ಮೇಲೆ ಅಂಚು ಗರಿಗರಿಯಾಗುವಂತೆ ಹುರಿದು, ನಿಂಬೆ ಹಿಂಡಿದ ಕೆರೆಮೀನಿಗೆ ಇದೇ ಸರಿ. ತಿನಿಸಿನ ಹುಳಿ ವೈನಿನ ಹುಳಿಗಿಂತ ಹೆಚ್ಚಾದರೆ ವೈನ್ ಸಪ್ಪೆಯೆನಿಸುತ್ತದೆ. ಇಲ್ಲಿ ಆ ತೊಂದರೆಯಿಲ್ಲ.

ಶಾರ್ಡೊನೆಯಲ್ಲಿ ಮಾತ್ರ ಹೆಸರನ್ನು ನೋಡಿ ಮೋಸಹೋಗುವ ಸಂಭವ ಹೆಚ್ಚು. ಫ್ರಾನ್ಸಿನ ಶಾಬ್ಲಿಯಲ್ಲಿ ಇದೇ ತಳಿಯಿಂದ ಹೆಚ್ಚಾಗಿ ಓಕ್ ಸೋಂಕದ, ಹುಳಿ ಪ್ರಧಾನವಾದ ವೈನ್ ತಯಾರಾಗುತ್ತದೆ. ಬೇರೆಡೆ ಪೀಪಾಯಿಯಲ್ಲಿಟ್ಟು, ಬ್ಯಾಕ್ಟೀರಿಯಾಗಳ ಮೂಲಕ ತೀಕ್ಷ್ಣವಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತಾರೆ. ಆಗ ಬೆಣ್ಣೆಯ ಪರಿಮಳ ಹುಟ್ಟುತ್ತದೆ. ತೆಂಗಿನಕಾಯಿ ರುಬ್ಬಿ ಹಾಕಿ ಖಾರ ಹದವಾಗಿರಿಸಿದ ಅವರೆಬೇಳೆ ಸಾರಿಗೆ ಓಕ್ ತುಸುವೇ ಇರುವ ಶಾರ್ಡೊನೆ ಹೊಂದುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ (ತುಮಕೂರಿನಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನಾಟಿಕೋಳಿ ಸಾರಿನ ವಿಷಯವೇ ಉಳಿದುಹೋಯಿತು. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಬಾಯಲ್ಲಿ ನಿಲ್ಲುವುದು ಸಾರಿನ ಖಾರವೇ ಆದ್ದರಿಂದ ವೈನನ್ನು ಸಾರಿಗೆ ನೋಡಿಯೇ ಆರಿಸಬೇಕು. ಮದ್ಯಸಾರ ಹೆಚ್ಚಿದಷ್ಟೂ ಮೆಣಸಿನಕಾಯಿಯ ಉರಿ ಏರುತ್ತದೆ, ತುಸು ಸಿಹಿಯಿದ್ದರೆ ತಣಿಯುತ್ತದೆ. ಹೀಗಾಗಿ ಶೇಕಡಾ 14ರಷ್ಟು ಮದ್ಯಸಾರವಿರುವ, ಓಕ್ ಪೀಪಾಯಿಯಲ್ಲಿಟ್ಟ ಶಾರ್ಡೊನೆಯನ್ನು ಇದರೊಡನೆ ಇಡಬೇಡಿ. ಸ್ವಲ್ಪ ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂ ಅಥವಾ ಜರ್ಮನಿಯ ರೀಸ್ಲಿಂಗ್ ಎಂಬ ಬಿಳಿ ವೈನ್ ತನ್ನಿ. ಶೆನಿನ್‌ನಲ್ಲಿ ಸಿಹಿಯಿಲ್ಲದವೂ ಇವೆ, ಬಲು ಸಿಹಿಯಾದವೂ ಇವೆ. ಫ್ರಾನ್ಸಿನ ವೂವ್ರೆ ಎಂಬ ಒಂದೇ ಪ್ರದೇಶದಲ್ಲಿ ಈ ಎಲ್ಲ ಬಗೆಗಳೂ ತಯಾರಾಗುವುದರಿಂದ ಲೇಬಲ್ಲಿನ ವಿವರ ಓದಿಯೇ ಕೊಳ್ಳಿ.

ಮರುಪ್ರಶ್ನೆ (ಚಿಕ್ಕಬಳ್ಳಾಪುರದಿಂದ)

ಇಬ್ಬರಿಗೂ ಧನ್ಯವಾದಗಳು. ಮೂರು ಬಾಟಲಿ ನಮಗೆ ಹೆಚ್ಚಾಗುತ್ತದೆ; ಒಂದನ್ನೇ ತರುವುದಾದರೆ ಯಾವುದು? ಫ್ರಿಜ್ಜಿನಿಂದ ತೆಗೆದು ನೇರವಾಗಿ ಬಡಿಸಬಹುದೇ?

ಉತ್ತರ (ಕೋಲಾರದಿಂದ)

ಒಂದೇ ಆದರೆ ತುಸು ಸಿಹಿಯ ಶೆನಿನ್ ಬ್ಲಾಂ ತನ್ನಿ. ಅದರ ಹುಳಿಯು ಮೀನಿಗೂ, ಅದರ ಸಿಹಿಯು ಕೋಳಿ ಸಾರಿಗೂ ಒದಗುತ್ತದೆ. ಅವರೆಬೇಳೆಗೆ ಶಾರ್ಡೊನೆಯಷ್ಟು ಹೊಂದದಿದ್ದರೂ ಕೆಡಿಸುವುದಿಲ್ಲ. ಫ್ರಿಜ್ಜಿನ ಚಳಿಯಲ್ಲಿ ಪರಿಮಳ ಮುಚ್ಚಿಹೋಗುತ್ತದೆ, ಆದುದರಿಂದ ಬಡಿಸುವುದಕ್ಕೆ ಕಾಲುಗಂಟೆ ಮೊದಲು ಹೊರಗಿಟ್ಟು 8ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ಬರಲು ಬಿಡಿ. ಉಳಿದದ್ದನ್ನು ಬಿರಡೆ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ.