ಪದಚರ್ಚೆ: ಕಾಂಡೊ ಟವರಿನ ಮುಂದಿನ ‘ಪಬ್ಲಿಕ್ ಪ್ಲಾಜಾ’ಕ್ಕೆ ಏನನ್ನೋಣ?

ಗೆಳೆಯರೇ,

ನಗರದ ನಟ್ಟನಡುವೆ ಏಳಲಿರುವ ಹೊಸ ಕಾಂಡೊಮಿನಿಯಂ (ಚಿಕ್ಕದಾಗಿ ಕಾಂಡೊ, ಅಂದರೆ ಒಂದೊಂದು ಮನೆಗೂ ಬೇರೆ ಬೇರೆ ಒಡೆಯರಿರುವ ವಸತಿ ಕಟ್ಟಡ) ಟವರೊಂದರ ವಿನ್ಯಾಸದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ಆರ್ಕಿಟೆಕ್ಟ್‌ಗಳಲ್ಲ, ಸಾಮಾನ್ಯ ಜನ. ಗಾಜು, ಲಿಫ್ಟು, ಬಾಲ್ಕನಿ ಎಲ್ಲ ಸಲೀಸಾಗಿ ಬಂತು. ಪೆನ್ನು ನಿಂತಿದ್ದು ನೆಲದ ಮಟ್ಟದಲ್ಲಿ. ಟವರಿನ ಮುಂದೆ ಒಂದು ‘ಪಬ್ಲಿಕ್ ಪ್ಲಾಜಾ’ ಇದೆ, ಅಂದರೆ ಯಾರು ಬೇಕಾದರೂ ಬಂದು ಕೂರಬಹುದಾದ ತೆರೆದ ಜಾಗ. ಅದಕ್ಕೆ ಏನನ್ನಬೇಕು?

‘ಪ್ಲಾಜಾ ಅಂತಲೇ ಬರೆದುಬಿಡಿ’ ಅನ್ನಬಹುದು. ಎರವಲು ಪದದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕನ್ನಡದಲ್ಲಿ ಪ್ಲಾಜಾ ಈಗಾಗಲೇ ಬೇರೆ ಕಡೆ ಕೆಲಸಕ್ಕೆ ಸೇರಿಕೊಂಡಿದೆ. ಒಂದೋ ಅಂಗಡಿಗಳ ಕಾಂಪ್ಲೆಕ್ಸು, ಇಲ್ಲವೇ ಹೆದ್ದಾರಿಯ ಟೋಲ್ ಪ್ಲಾಜಾ. ‘ಟವರಿನ ಮುಂದೆ ಪ್ಲಾಜಾ ಇದೆ’ ಎಂದರೆ ಅಲ್ಲಿ ಇನ್ನೊಂದು ಕಟ್ಟಡ ಇದೆ ಅಂದುಕೊಳ್ಳುವವರೇ ಜಾಸ್ತಿ. ಮೂಲದ ಅರ್ಥ ಪೂರ್ತಿ ಉಲ್ಟಾ. ಸ್ಪ್ಯಾನಿಷ್‌ನ ಪ್ಲಾಜಾ, ಇಟಾಲಿಯನ್ನಿನ ಪಿಯಾಜ್ಜಾ, ಜರ್ಮನ್ನಿನ ಪ್ಲಾಟ್ಸ್ ಎಲ್ಲವೂ ಲ್ಯಾಟಿನ್ನಿನ ‘ಪ್ಲಾಟೆಯಾ’ದಿಂದ ಬಂದವು. ಅದರ ಹಿಂದಿರುವುದು ‘ಅಗಲವಾದ’ ಎಂಬ ಅರ್ಥದ ಗ್ರೀಕ್ ಪದ. ನಮ್ಮ ಪೃಥು, ಪೃಥ್ವಿ ಕೂಡ ಅದೇ ಬಳಗದವು. ಅಂದರೆ ಅಲ್ಲಿ ಮುಖ್ಯವಾದದ್ದು ಹರವು, ಕಟ್ಟಡ ಅಲ್ಲ.

ಸರಿ, ಕನ್ನಡದ್ದೇ ಪದ ಹುಡುಕೋಣ ಅಂದರೆ ಬೇಕಾದಷ್ಟಿವೆ. ಚೌಕ ಮೊದಲು ನೆನಪಾಗುತ್ತದೆ. ಆದರೆ ಚೌಕ ಎಂದಾಗ ನಾಲ್ಕು ದಾರಿ ಕೂಡುವ ಜಾಗ ಕಣ್ಣಿಗೆ ಬರುತ್ತದೆ, ನಡುವೆ ವಾಹನ ಓಡಾಡುತ್ತವೆ. ಬಯಲು ಎಂದರೆ ಏನೂ ಮಾಡದೆ ಸುಮ್ನೆ ಬಿಟ್ಟ ಜಾಗ. ಪ್ಲಾಜಾದಲ್ಲಿ ಹಾಸುಗಲ್ಲು, ಮರ, ನೀರು, ದೀಪ ಎಲ್ಲವನ್ನೂ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಮೈದಾನ ತೀರಾ ದೊಡ್ಡದು, ಆಟದ ವಾಸನೆ ಬೇರೆ. ಪ್ರಾಂಗಣ ಕೇಳಲು ಚೆನ್ನ, ಆದರೆ ಸುತ್ತ ಗೋಡೆ ಇದ್ದಂತೆ ತೋರುತ್ತದೆ. ಈ ಪ್ಲಾಜಾದ ಒಂದು ಬದಿ ಫುಟ್‌ಪಾತಿಗೆ ತಾಗಿಕೊಂಡೇ ಇದೆ. ಕಟ್ಟೆ ನನಗೆ ಬಹಳ ಇಷ್ಟದ ಪದ. ಅದನ್ನು ಬೇರೆ ಕಡೆ ಬಳಸೋಣ, ಮುಂದೆ ಹೇಳುತ್ತೇನೆ.

ಉಳಿದದ್ದು ಅಂಗಳ. ಇಲ್ಲೇ ನಿಜವಾದ ಪ್ರಶ್ನೆ ಇರುವುದು. ಅಂಗಳಕ್ಕೆ ಯಾವಾಗಲೂ ಒಬ್ಬ ಒಡೆಯ ಇರುತ್ತಾನೆ. ‘ಅವರ ಮನೆ ಅಂಗಳ’ ಅನ್ನುತ್ತೇವೆ. ಹಾಗಾದರೆ ಊರವರೆಲ್ಲ ಬಂದು ಕೂರುವ ಜಾಗಕ್ಕೆ ಅದು ಒಗ್ಗುತ್ತದಾ? ಈ ಬಗೆಯ ಪ್ಲಾಜಾ ಹುಟ್ಟಿದ್ದು ಹೇಗೆ ಎಂದು ನೋಡಿದರೆ ಒಗ್ಗುತ್ತದೆ ಅಂತಲೇ ನನಗನ್ನಿಸುತ್ತದೆ.

ನ್ಯೂಯಾರ್ಕಿನಲ್ಲಿ 1916ರ ನಿಯಮದ ಪ್ರಕಾರ ಕಟ್ಟಡ ಮೇಲೆ ಹೋದ ಹಾಗೆ ಮೆಟ್ಟಿಲಿನಂತೆ ಹಿಂದೆ ಸರಿಯಬೇಕಿತ್ತು. ಆದರೆ ನಿವೇಶನದ ಕಾಲು ಭಾಗದಲ್ಲಷ್ಟೇ ನಿಲ್ಲುವ ಟವರಿಗೆ ಎತ್ತರದ ಮಿತಿ ಇರಲಿಲ್ಲ. 1958ರಲ್ಲಿ ಮುಗಿದ, ಮೀಸ್ ವಾನ್ ಡೆರ್ ರೋ ವಿನ್ಯಾಸದ 38 ಮಹಡಿಯ ಸೀಗ್ರಾಮ್ ಕಟ್ಟಡ ಪಾರ್ಕ್ ಅವೆನ್ಯೂ ರಸ್ತೆಯಿಂದ ಸುಮಾರು 90 ಅಡಿ ಹಿಂದೆ ನಿಂತಿತು. ಮುಂದೆ ಉಳಿದದ್ದು ಕೆಲವೇ ಮೆಟ್ಟಿಲೆತ್ತರದ ಕಲ್ಲುಹಾಸಿನ ಜಾಗ, ಎರಡು ನೀರಿನ ಕೊಳ, ಪಕ್ಕದಲ್ಲಿ ಗಿಡ್ಡ ಗೋಡೆ. ಕೂರಲೆಂದು ಕಟ್ಟದಿದ್ದರೂ ಜನ ಆ ಗೋಡೆಯ ಮೇಲೆ ಬಂದು ಕೂತರು.

ನಗರಕ್ಕೆ ಇದು ಹಿಡಿಸಿತು. 1961ರ ಹೊಸ ನಿಯಮದಲ್ಲಿ ಒಂದು ಕೊಡು-ಕೊಳ್ಳುವ ಲೆಕ್ಕ ಬಂತು. ಬಿಲ್ಡರು ಪ್ಲಾಜಾ ಬಿಟ್ಟುಕೊಟ್ಟರೆ ಹೆಚ್ಚು ಮಹಡಿ ಕಟ್ಟಬಹುದು. ತೀರಾ ದಟ್ಟ ವಲಯಗಳಲ್ಲಿ 1 ಚದರ ಅಡಿ ಪ್ಲಾಜಾಕ್ಕೆ 10 ಚದರ ಅಡಿ ಹೆಚ್ಚುವರಿ ಕಟ್ಟಡ! ಯಾರು ತಾನೆ ಬಿಡುತ್ತಾರೆ? ಪ್ಲಾಜಾಗಳು ಸಾಲುಸಾಲಾಗಿ ಹುಟ್ಟಿದವು. ಎಷ್ಟೋ ಕಡೆ ಕೂರಲು ಜಾಗವಿಲ್ಲ, ನೆರಳಿಲ್ಲ, ಬರೀ ಕಲ್ಲು. 1970ರ ದಶಕದಲ್ಲಿ ನಗರಗಳ ಬಗ್ಗೆ ಬರೆಯುತ್ತಿದ್ದ ವಿಲಿಯಂ ವೈಟ್ ಮತ್ತು ಅವರ ತಂಡ ಇಂಥ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ ಎಂದು ನೋಡಿದರು. 1975ರಲ್ಲಿ ನಿಯಮ ಬದಲಾಯಿತು. 30 ಚದರ ಅಡಿ ಪ್ಲಾಜಾಕ್ಕೆ 1 ಅಡಿ ಉದ್ದದಷ್ಟು ಕೂರುವ ಜಾಗ ಕಡ್ಡಾಯವಾಯಿತು.

ನನ್ನ ಕಟ್ಟೆ ಇಲ್ಲಿ ಬರುತ್ತದೆ. ಪ್ಲಾಜಾದ ಅಂಚಿನಲ್ಲಿ, ಗಿಡದ ಪಾತಿಯ ಸುತ್ತ ಕೂರಲೆಂದು ಕಟ್ಟಿದ ಗಿಡ್ಡ ಗೋಡೆಗೆ ‘ಕಟ್ಟೆ’ ಅನ್ನುವುದಕ್ಕಿಂತ ಸರಿಯಾದ ಪದ ಇನ್ನೊಂದಿಲ್ಲ. ‘ಆಸನ ಗೋಡೆ’ ಎಂದು ಯಾರೂ ಬರೆಯಬೇಡಿ, ದಯವಿಟ್ಟು.

ಮತ್ತೆ ಅಂಗಳಕ್ಕೆ. ಈ ಲೆಕ್ಕದಲ್ಲಿ ಜಾಗ ಕಟ್ಟಡದ ಮಾಲೀಕರದ್ದೇ ಆಗಿ ಉಳಿಯುತ್ತದೆ. ಜನರಿಗೆ ಸಿಗುವುದು ಬಳಸುವ ಹಕ್ಕು. ಈ ವ್ಯತ್ಯಾಸ ಎದ್ದು ಕಂಡಿದ್ದು 2011ರಲ್ಲಿ, ನ್ಯೂಯಾರ್ಕಿನ ಜುಕೋಟಿ ಪಾರ್ಕಿನಲ್ಲಿ ‘ಆಕ್ಯುಪೈ ವಾಲ್ ಸ್ಟ್ರೀಟ್’ ಚಳವಳಿಗಾರರು ಬೀಡುಬಿಟ್ಟಾಗ. ಹೆಸರು ಪಾರ್ಕು, ಆದರೆ ಒಡೆತನ ಖಾಸಗಿ. ನಗರದ ಪಾರ್ಕುಗಳಿಗೆ ರಾತ್ರಿ ಬಾಗಿಲು ಹಾಕುವ ಹೊತ್ತು ಅಂತ ಇರುತ್ತದೆ. ಇದನ್ನು ಮಾತ್ರ 24 ಗಂಟೆಯೂ ತೆರೆದಿಡಬೇಕೆಂಬ ಕಟ್ಟಳೆ ಇತ್ತು. ಕೊನೆಗೆ ನವೆಂಬರ್ 15ರಂದು ಪೊಲೀಸರು ಜಾಗ ತೆರವು ಮಾಡಿಸಿದರು. ಡೇರೆ ಹಾಕಿ ಮಲಗಬಾರದೆಂಬ ಮಾಲೀಕರ ನಿಯಮವನ್ನು ಕೋರ್ಟು ಒಪ್ಪಿತು.

ಹಾಗಾಗಿ ‘ಸಾರ್ವಜನಿಕ ಚೌಕ’ ಎಂದು ಬರೆದರೆ ತಪ್ಪು ಭಾವನೆ ಹುಟ್ಟುತ್ತದೆ. ಕನ್ನಡದಲ್ಲಿ ಸಾರ್ವಜನಿಕ ಎಂದ ಕೂಡಲೇ ಸರ್ಕಾರದ್ದು ಎನ್ನುವ ಅರ್ಥವೇ ಮುಂದೆ ಬರುತ್ತದೆ, ಅಲ್ವಾ? ಸಾರ್ವಜನಿಕ ಆಸ್ತಿ, ಸಾರ್ವಜನಿಕ ಉದ್ದಿಮೆ ಎನ್ನುವ ಬಳಕೆ ನೋಡಿ. ‘ಊರಂಗಳ’ ಎಂದೂ ಯೋಚಿಸಿದೆ. ಕಿವಿಗೆ ಹಿತ, ಆದರೆ ಒಡೆತನವನ್ನೇ ಊರಿಗೆ ಬರೆದುಕೊಟ್ಟಂತಾಗುತ್ತದೆ. ಸದ್ಯಕ್ಕೆ ‘ಎಲ್ಲರಿಗೂ ತೆರೆದ ಹೊರಂಗಳ’ ಎಂದು ಹಾಕಿದ್ದೇನೆ. ಅಂಗಳ ಅಂದಾಗ ಒಡೆಯ ಇದ್ದಾನೆಂದು ಗೊತ್ತಾಗುತ್ತದೆ, ತೆರೆದ ಅಂದಾಗ ಹಕ್ಕು ಎಲ್ಲರಿಗೂ ಇದೆಯೆಂದು. ಎರಡನೇ ಸಲದಿಂದ ಬರೀ ‘ಹೊರಂಗಳ’ ಸಾಕು. ಹೊರಾಂಗಣ ಬೇಡ, ಅದನ್ನು ಆಟ ಮತ್ತು ಚಿತ್ರೀಕರಣದವರು ಆಗಲೇ ತೆಗೆದುಕೊಂಡಿದ್ದಾರೆ.

ಇನ್ನು ಕಾಂಡೊಮಿನಿಯಂ. ಲ್ಯಾಟಿನ್ನಿನಲ್ಲಿ ‘ಕೂಡಿ ಒಡೆತನ’ ಎಂದರ್ಥ. ಹಿಂದೆ ಎರಡು ದೇಶಗಳು ಒಂದೇ ನಾಡನ್ನು ಕೂಡಿ ಆಳುವುದಕ್ಕೂ ಇದೇ ಪದವಿತ್ತು. ಪೆಸಿಫಿಕ್ ಸಾಗರದ ದ್ವೀಪದೇಶ, ಈಗಿನ ವನುವಾಟು 1906ರಿಂದ 1980ರವರೆಗೆ ಬ್ರಿಟನ್ ಮತ್ತು ಫ್ರಾನ್ಸಿನ ಅಂಥ ಕಾಂಡೊಮಿನಿಯಂ ಆಗಿತ್ತು. ಮನೆಯ ವಿಷಯಕ್ಕೆ ಬಂದರೆ ಇಂಗ್ಲಿಷ್ ಮಾತಾಡುವವರಲ್ಲೇ ಒಮ್ಮತವಿಲ್ಲ. ಆಸ್ಟ್ರೇಲಿಯಾದಲ್ಲಿ ಸ್ಟ್ರಾಟಾ, ಇಂಗ್ಲೆಂಡಿನ 2002ರ ಕಾಯ್ದೆಯಲ್ಲಿ ಕಾಮನ್‌ಹೋಲ್ಡ್. ನಾವು ‘ಜಂಟಿ ಒಡೆತನ’ ಎಂದರೆ ಇಡೀ ಮನೆಯೇ ಇಬ್ಬರ ಹೆಸರಲ್ಲಿದೆ ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ಮನೆ ಒಬ್ಬರದೇ. ನೆಲ, ಮೆಟ್ಟಿಲು, ಲಿಫ್ಟು, ಚಾವಣಿಯಲ್ಲಿ ಎಲ್ಲರಿಗೂ ಬೇರ್ಪಡಿಸಲಾಗದ ಪಾಲು. ಇಷ್ಟನ್ನು ಒಂದು ಪದದಲ್ಲಿ ತುರುಕುವುದು ಬೇಡ ಎಂದು ‘ಕಾಂಡೊ’ ಹಾಗೇ ಬಿಟ್ಟು, ಮೊದಲ ಸಲ ಒಂದು ಸಾಲಿನ ವಿವರಣೆ ಕೊಟ್ಟಿದ್ದೇನೆ. ಟವರಿಗೂ ಅಷ್ಟೇ. ಗೋಪುರ ಅಂದರೆ ಮೇಲೆ ಕಳಶ ಕಾಣುತ್ತದೆ, ಬಹುಮಹಡಿ ಅಂದರೆ ನಾಲ್ಕು ಮಹಡಿಯೂ ಆಗಬಹುದು. ಡೌನ್‌ಟೌನಿಗೆ ‘ನಗರದ ನಡುಭಾಗ’ ಸಾಕು.

ಪೋಡಿಯಂ ಮಾತ್ರ ಇನ್ನೂ ಬಗೆಹರಿದಿಲ್ಲ. ತೆಳ್ಳಗೆ ಏರುವ ಟವರಿನ ಕೆಳಗೆ ಅಗಲವಾಗಿ ಹರಡಿದ ಕೆಲವು ಮಹಡಿಗಳು, ಅಂಗಡಿಯೋ ಪಾರ್ಕಿಂಗೋ ಇರುವವು. ವೇದಿಕೆ ಅಂದರೆ ಭಾಷಣ ಶುರುವಾಗುತ್ತದೆ. ಜಗತಿ ಸೊಗಸಾದ ಪದ, ಆದರೆ ಅದು ದೇವಸ್ಥಾನ ನಿಲ್ಲುವ ಕಲ್ಲಿನ ಜಗಲಿ, ಒಳಗೆ ಮಹಡಿಗಳಿಲ್ಲ. ತಳಹದಿ ನೆಲದೊಳಗಿನದು. ‘ಬುಡಕಟ್ಟು’ ಅಕ್ಷರಶಃ ಹೊಂದುತ್ತದೆ, ಏನು ಮಾಡೋದು, ಆ ಪದ ಬೇರೆಯವರ ಪಾಲಾಗಿದೆ! ಸದ್ಯಕ್ಕೆ ‘ಬುಡದ ಮಹಡಿಗಳು’ ಎಂದು ಬರೆದುಕೊಂಡಿದ್ದೇನೆ.

ಬಲ್ಲವರು ಎರಡು ವಿಷಯ ತಿಳಿಸಿ. ಹೊರಂಗಳ ಎಂದರೆ ನಿಮ್ಮ ಕಡೆ ಬೇರೆ ಏನಾದರೂ ಅರ್ಥ ಇದೆಯಾ, ಮನೆಯ ಹಿಂದಿನ ಜಾಗ ಅಥವಾ ಕೊಟ್ಟಿಗೆ ಕಡೆಯದು ಅಂತೆಲ್ಲ? ಇನ್ನು ಪೋಡಿಯಂಗೆ ಮನೆ ಕಟ್ಟುವ ಮೇಸ್ತ್ರಿಗಳೋ ಎಂಜಿನಿಯರುಗಳೋ ಕನ್ನಡದಲ್ಲಿ ಏನಾದರೂ ಅನ್ನುವುದನ್ನು ಕೇಳಿದ್ದರೆ, ಅವರು ಆಡಿದ ವಾಕ್ಯದ ಸಮೇತ ಬರೆಯಿರಿ.