ಜಿಮ್‌ನಲ್ಲಿ ‘ಕೋರ್ಸ್’ ಮಾಡಲು ಹೇಳುತ್ತಿದ್ದಾರೆ, ಬಿಟ್ಟ ಮೇಲೆ ಏನಾಗುತ್ತದೆ?

ಕೇಳಿದವರು: ದಾವಣಗೆರೆ, 24 ವರ್ಷ

ಮೂರು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದರೂ ಎಂಟು ತಿಂಗಳಿಂದ ನನ್ನ ತೂಕ 68 ಕೆ.ಜಿ.ಯಲ್ಲೇ ನಿಂತಿದೆ. ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆಗೆ ನಾಲ್ಕು ತಿಂಗಳಿದ್ದು, ಸ್ನಾಯು ಬೆಳೆಸುವ ಸ್ಟಿರಾಯ್ಡ್‌ನ ವಾರಕ್ಕೊಂದು ಇಂಜೆಕ್ಷನ್‌ನಂತೆ ಹತ್ತು ವಾರ ‘ಕೋರ್ಸ್’ ಮಾಡಿದರೆ ಸಾಕು, ಬಿಟ್ಟ ಮೇಲೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ ಎಂದು ತರಬೇತುದಾರರು ಹೇಳುತ್ತಿದ್ದಾರೆ. ಮನೆಯಲ್ಲಿ ಕೇಳುವಂತಿಲ್ಲ. ತೆಗೆದುಕೊಂಡು ಬಿಟ್ಟವರು ಇದ್ದರೆ ದಯವಿಟ್ಟು ಬರೆಯಿರಿ.

ಉತ್ತರ: ಬೆಂಗಳೂರು, 35 ವರ್ಷ

ತೆಗೆದುಕೊಂಡರೆ ಏನಾಗುತ್ತದೆ ಎಂದು ನಾನೂ ವಿಚಾರಿಸಿದ್ದೆ. ಬಿಟ್ಟರೆ ಏನಾಗುತ್ತದೆ ಎಂದು ಕೇಳಲು ನನಗೆ ಹೊಳೆದಿರಲಿಲ್ಲ. ಮದ್ದು ಕೆಲಸ ಮಾಡುವುದಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. 26ನೇ ವಯಸ್ಸಿನಲ್ಲಿ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನಿನ ಇಂಜೆಕ್ಷನ್ನಿನ ಜೊತೆಗೆ ಚೀಟಿಯೇ ಇಲ್ಲದ ಡಬ್ಬಿಯೊಂದರ ಮಾತ್ರೆಗಳನ್ನು ನುಂಗಿ ಹತ್ತು ವಾರದಲ್ಲಿ 9 ಕೆ.ಜಿ. ಏರಿದ್ದೆ, ಅಂಗಿಯ ತೋಳು ಬಿಗಿಯಾದಾಗ ಆದ ಸಂತೋಷವನ್ನು ಈಗಲೂ ಅಲ್ಲಗಳೆಯುವುದಿಲ್ಲ. ಆದರೆ ನಿಲ್ಲಿಸಿದ ನಾಲ್ಕನೇ ವಾರಕ್ಕೆ ಹಾಸಿಗೆಯಿಂದ ಏಳಲು ಮನಸ್ಸೇ ಬರುತ್ತಿರಲಿಲ್ಲ, ಬಂದ ತೂಕ ಕರಗತೊಡಗಿತು, ಎಡ ಎದೆಯ ತೊಟ್ಟಿನ ಹಿಂದೆ ಅಡಿಕೆಯಷ್ಟು ಗಂಟು ಕಟ್ಟಿಕೊಂಡು ಕಾರಿನ ಸೀಟ್‌ಬೆಲ್ಟ್ ತಾಗಿದರೂ ನೋಯುತ್ತಿತ್ತು. ಆ ಸ್ಥಿತಿಯನ್ನು ತಾಳಲಾರದೆ ಎರಡನೆಯ ಕೋರ್ಸ್, ಅದಾದ ಮೇಲೆ ಮೂರನೆಯದು. ಒಂದೇ ಸಲ ಎಂದುಕೊಂಡವನು ಎರಡು ವರ್ಷ ಅದರಲ್ಲೇ ಇದ್ದೆ.

ಮದುವೆಯಾಗಿ ಒಂದೂವರೆ ವರ್ಷವಾದರೂ ಮಕ್ಕಳಾಗದಿದ್ದಾಗ ಮಾಡಿಸಿದ ಪರೀಕ್ಷೆಯಲ್ಲಿ ವೀರ್ಯಾಣುಗಳೇ ಕಾಣಿಸಲಿಲ್ಲ. ಹಾರ್ಮೋನು ಹೊರಗಿನಿಂದ ಬರುತ್ತಿರುವಾಗ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಸಂಕೇತ ಕೊಡುವುದನ್ನು ನಿಲ್ಲಿಸುತ್ತದೆ, ಅವು ಕುಗ್ಗುತ್ತವೆ, ಮತ್ತೆ ಎಚ್ಚರಗೊಳ್ಳಲು ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು ಬೇಕಾಗುತ್ತವೆ ಎಂದು ಹಾರ್ಮೋನು ತಜ್ಞರು ವಿವರಿಸಿದರು. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಬಿಟ್ಟ ಮೇಲೆ ಸರಿಹೋಗಲೆಂದು ಜಿಮ್‌ನಲ್ಲಿ ಕೊಟ್ಟಿದ್ದ ಮಾತ್ರೆ ಟಮಾಕ್ಸಿಫೆನ್, ಅಂದರೆ ಸ್ತನ ಕ್ಯಾನ್ಸರಿಗೆ ಕೊಡುವ ಔಷಧಿ; ಅದನ್ನು ಸಹ ವೈದ್ಯರನ್ನು ಕೇಳದೆಯೇ ನುಂಗಿದ್ದೆ.

ಉತ್ತರ: ಹುಬ್ಬಳ್ಳಿ, ಔಷಧಿ ಅಂಗಡಿ ನಡೆಸುವವರು

ನಮ್ಮಲ್ಲಿಗೆ ಬರುವ ಹುಡುಗರು ಈಗ ಸ್ಟಿರಾಯ್ಡ್‌ಗಿಂತ ಹೆಚ್ಚಾಗಿ ಮೆಫೆಂಟರ್ಮಿನ್ ಕೇಳುತ್ತಾರೆ. ಬೆನ್ನುಹುರಿಗೆ ಅರಿವಳಿಕೆ ಕೊಟ್ಟಾಗ ರೋಗಿಯ ರಕ್ತದೊತ್ತಡ ಕುಸಿದರೆ ಅದನ್ನು ಏರಿಸಲು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಳಸುವ ಔಷಧಿಯಿದು. ಒತ್ತಡ ಸರಿಯಾಗಿಯೇ ಇರುವವನು ಚುಚ್ಚಿಕೊಂಡು ಭಾರ ಎತ್ತಿದರೆ ಹೃದಯದ ಗತಿ ಏನಾಗಬಹುದೆಂದು ನೀವೇ ಊಹಿಸಿ. ವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರೆ ಬೈದು ಹೋಗುತ್ತಾರೆ. ಸ್ಟಿರಾಯ್ಡ್ ವಿಷಯದಲ್ಲಿ ಒಂದೇ ಮಾತು ಸೇರಿಸುತ್ತೇನೆ: ಇಂಜೆಕ್ಷನ್ನಿನ ಭಯಕ್ಕೆ ಮಾತ್ರೆಯೇ ಮೇಲು ಎಂದುಕೊಳ್ಳಬೇಡಿ, ಯಕೃತ್ತಿಗೆ ಹೆಚ್ಚು ಪೆಟ್ಟು ಕೊಡುವುದು ಮಾತ್ರೆಗಳೇ.

ಉತ್ತರ: ಕುಂದಾಪುರ ಕಡೆಯವರು, ಹಿಂದೆ 400 ಮೀಟರ್ ಓಟಗಾರ

ಜಿಲ್ಲಾ ಸ್ಪರ್ಧೆಯಲ್ಲಿ ಮೂತ್ರ ಪರೀಕ್ಷೆ ನಡೆಯದೇ ಇರಬಹುದು. ಆದರೆ ಮುಂದೆ ಕ್ರೀಡಾ ಕೋಟಾದ ನೌಕರಿಯ ಆಸೆಯಿದ್ದರೆ, ಕೊಟ್ಟವರು ಯಾರೇ ಆಗಲಿ ದೇಹದಲ್ಲಿ ಸಿಕ್ಕಿದ್ದಕ್ಕೆ ಹೊಣೆ ಕ್ರೀಡಾಪಟುವಿನದೇ ಎಂಬುದು ಉದ್ದೀಪನ ಮದ್ದು ತಡೆ ನಿಯಮದ ಮೂಲ ಎಂದು ತಿಳಿದಿರಿ. ನಮ್ಮ ಭಾಗದ ಅಶ್ವಿನಿ ಅಕ್ಕುಂಜೆಯವರು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದಾಗ ಊರಿಗೆ ಊರೇ ಸಂಭ್ರಮಿಸಿತ್ತು. ಮರುವರ್ಷ ಅವರ ಮತ್ತು ಸಹ ಓಟಗಾರ್ತಿಯರ ಮಾದರಿಯಲ್ಲಿ ಸ್ಟಿರಾಯ್ಡ್ ಪತ್ತೆಯಾಯಿತು. ಕೋಚ್ ಕೊಟ್ಟ ಜಿನ್‌ಸೆಂಗ್ ಪೂರಕದಿಂದ ಬಂದಿರಬೇಕೆಂದು ಅವರು ವಾದಿಸಿದರೂ ಒಂದು ವರ್ಷದ ನಿಷೇಧವಾಯಿತು, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯ ಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಅರಿಯದೆ ಆಯಿತೆಂದು ವಾದಿಸಿದವರಿಗೇ ಹೀಗಾದರೆ, ಅರಿತು ತೆಗೆದುಕೊಂಡವರಿಗೆ ಇಂದಿನ ನಿಯಮದಲ್ಲಿ ಮೊದಲ ತಪ್ಪಿಗೇ ನಾಲ್ಕು ವರ್ಷ.

ಮತ್ತೊಂದು ಸಂಗತಿ. ತೂಕ ನಿಂತಿದೆ ಎಂದಿರಿ, ಆದರೆ ಏನು ತಿನ್ನುತ್ತೀರಿ ಎಂದು ಬರೆದಿಲ್ಲ. ಭಾರ ಎತ್ತುವವರಿಗೆ ದೇಹತೂಕದ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. ನಿಮಗದು 109 ಗ್ರಾಂ ಆಗುತ್ತದೆ, ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ ಮಾತ್ರ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೂರು ದಿನ ತಿಂದದ್ದನ್ನೆಲ್ಲ ಬರೆದಿಟ್ಟು ಲೆಕ್ಕ ಹಾಕಿದೆ: ಯಾವ ದಿನವೂ 60 ಗ್ರಾಂ ದಾಟಿಲ್ಲ, ಎರಡು ಸಂಜೆ ಮಂಡಕ್ಕಿ ಮಿರ್ಚಿಯಲ್ಲೇ ಕಳೆದಿವೆ. ಈ ಸಲದ ಸ್ಪರ್ಧೆಯನ್ನು ಕೈಬಿಡುತ್ತಿದ್ದೇನೆ. ತರಬೇತುದಾರರಿಗೆ ಇದನ್ನು ಇನ್ನೂ ಹೇಳಿಲ್ಲ. ಇಂಜೆಕ್ಷನ್ನಿಗೆಂದು ಮುಂಗಡ ಕೊಟ್ಟಿದ್ದ 2,000 ರೂಪಾಯಿ ಅವರ ಬಳಿಯೇ ಇದೆ.