ಸಹಾಯ ಬೇಕು: ಹಳೆಯ ವಿಜಿಎ ಕಾರ್ಡ್‌ನಲ್ಲಿ ಬಣ್ಣಗಳು ತಪ್ಪಾಗಿ ಬರುತ್ತಿವೆ

ಎಲ್ಲರಿಗೂ ನಮಸ್ಕಾರ. 486 ಕಂಪ್ಯೂಟರ್, ಐಎಸ್‌ಎ ಸ್ಲಾಟ್‌ನ ವಿಜಿಎ ಕಾರ್ಡ್ (ಪರದೆಗೆ ಚಿತ್ರ ಕಳಿಸುವ ಕಾರ್ಡ್), ಡಾಸ್ ಆಪರೇಟಿಂಗ್ ಸಿಸ್ಟಂ. ಇದಕ್ಕೆ ನಾನೇ ಒಂದು ಗ್ರಾಫಿಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. 640x480, 16 ಬಣ್ಣಗಳ ಮೋಡ್.

ಡ್ಯಾಕ್‌ನ (ಬಣ್ಣಗಳ ಪಟ್ಟಿ ಇಟ್ಟುಕೊಂಡು ಅವನ್ನು ಮಾನಿಟರ್‌ಗೆ ಕಳಿಸುವ ಭಾಗ) 0ರಿಂದ 15ರವರೆಗಿನ ಜಾಗಕ್ಕೆ ನನ್ನ ಬಣ್ಣ ತುಂಬಿದರೆ 6ನೆಯದು ಮತ್ತು 8ರಿಂದ 15 ಬದಲಾಗುವುದೇ ಇಲ್ಲ. ಕಾರಣ ಗೊತ್ತಾಯಿತು. ಕಾರ್ಡ್‌ನೊಳಗಿನ ಪ್ರೋಗ್ರಾಂ ಆದ ಬಯಾಸ್ 6ನೇ ಬಣ್ಣವನ್ನು ಡ್ಯಾಕ್‌ನ 20ಕ್ಕೂ, 8ರಿಂದ 15ನ್ನು 56ರಿಂದ 63ಕ್ಕೂ ಜೋಡಿಸಿರುತ್ತದೆ. ವಿಜಿಎಗಿಂತ ಹಿಂದಿನ ಇಜಿಎ ಕಾರ್ಡ್‌ಗಳ ಕಾಲದ ಬಣ್ಣಗಳು ಹಾಗೇ ಕಾಣಲಿ ಅಂತ ಮಾಡಿದ ಏರ್ಪಾಡು ಅದು, ಜಾಣತನದ ಕೆಲಸವೇ.

ಅದಕ್ಕೇ ಈ ಜೋಡಣೆ ಇಟ್ಟುಕೊಳ್ಳುವ ಅಟ್ರಿಬ್ಯೂಟ್ ಕಂಟ್ರೋಲರ್‌ನ 16 ರಿಜಿಸ್ಟರ್‌ಗಳಿಗೂ ನೇರವಾಗಿ 0ರಿಂದ 15 ಬರೆಯುತ್ತಿದ್ದೇನೆ. ಮೊದಲು 3ಡಿಎ ಪೋರ್ಟ್ (ಪೋರ್ಟ್ ಸಂಖ್ಯೆಗಳೆಲ್ಲ ಹೆಕ್ಸ್‌ನಲ್ಲಿವೆ) ಓದಿ, ಮುಂದೆ ಬರೆಯುವುದು ಇಂಡೆಕ್ಸೋ ಬೆಲೆಯೋ ಎಂದು ನೆನಪಿಡುವ ಫ್ಲಿಪ್‌ಫ್ಲಾಪ್ ರೀಸೆಟ್. ಆಮೇಲೆ 3ಸಿ0ಗೆ ಇಂಡೆಕ್ಸ್, ಅದೇ ಪೋರ್ಟ್‌ಗೆ ಬೆಲೆ. ಕೊನೆಗೆ 20 ಹೆಕ್ಸ್ ಬರೆದು ಪರದೆ ಮತ್ತೆ ಆನ್. ಎಮ್ಯುಲೇಟರ್‌ನಲ್ಲಿ ಎಲ್ಲ ಸರಿ. ನಿಜವಾದ ಕಾರ್ಡ್‌ನಲ್ಲಿ ಮಾತ್ರ ಒಮ್ಮೊಮ್ಮೆ ಒಂದೆರಡು ಬಣ್ಣ ತಪ್ಪುತ್ತವೆ, ಪ್ರತಿ ಸಲ ಬೇರೆ ಬೇರೆ!

ಇಂಟರಪ್ಟ್ ನಿಲ್ಲಿಸಿ ನೋಡಿದೆ, ವ್ಯತ್ಯಾಸವಿಲ್ಲ. ಡ್ಯಾಕ್‌ಗೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 6 ಬಿಟ್ ಮಾತ್ರ ಕಳಿಸುತ್ತಿದ್ದೇನೆ, ಅಂದರೆ 0ರಿಂದ 63. ಬಯಾಸ್ ಜೋಡಣೆ ಮುಟ್ಟದೆ, ಡ್ಯಾಕ್‌ನ 20 ಮತ್ತು 56ರಿಂದ 63ನ್ನೇ ಬದಲಿಸಿದರೆ ಬಣ್ಣ ಪಕ್ಕಾ ಬರುತ್ತದೆ. ಹಾಗಾಗಿ ಡ್ಯಾಕ್ ಮೇಲೆ ನನಗೆ ಅನುಮಾನವಿಲ್ಲ.

ಹಳೆಯ ಕಾರ್ಡ್‌ಗಳಲ್ಲಿ 3ಸಿ0ಗೆ ಬರೆಯುವಾಗ ನಡುವೆ ಸ್ವಲ್ಪ ಬಿಡುವು ಕೊಡಬೇಕಾ? ವರ್ಟಿಕಲ್ ರಿಟ್ರೇಸ್ (ಒಂದು ಚಿತ್ರ ಮುಗಿದು ಮುಂದಿನದು ಶುರುವಾಗುವ ನಡುವಿನ ಬಿಡುವು) ಹೊತ್ತಲ್ಲೇ ಬರೆಯಬೇಕಾ? ಇಂಥ ಕಾರ್ಡ್ ಇರುವವರು ಯಾರಾದರೂ ನನ್ನ ಕೋಡ್ ಓಡಿಸಿ, 3ಸಿ1ರಿಂದ ವಾಪಸ್ ಓದಿದ ಬೆಲೆಗಳನ್ನು ತಿಳಿಸಿದರೆ ದೊಡ್ಡ ಉಪಕಾರ. ಕೇಳಿದವರಿಗೆ ಅಸೆಂಬ್ಲಿ ಫೈಲ್ ಕಳಿಸುತ್ತೇನೆ.